ಪ್ರೂಯಿಟ್ ವಕೀಲರ ಬಕೆಟ್ಟು

ಓರ್ಫಾ ಹಾಲಿನ ಬಕೆಟ್ಟನ್ನು ಚರ್ಚಿನ ಬಾಗಿಲಿಗೆ ಅಡ್ಡ ಇಟ್ಟು ಅದರ ಹಿಂದೆ ನಿಂತಳು. ಒಳಗೆ ಅಪ್ಪನ ಶವಪೆಟ್ಟಿಗೆ ಇತ್ತು.

"ಪಿಸ್ತೂಲು ಇದಕ್ಕೆ ಹಾಕಿ ಒಳಗೆ ಬನ್ನಿ." ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಸಾವಿರ ದನಗಳ ಒಡೆಯ ಹ್ಯಾಸ್ಕೆಲ್ ಮೆಟ್ಟಿಲ ಮೇಲೇ ನಕ್ಕ. "ನೋಡ್ರೋ, ಮುದುಕ ಸತ್ತ ಮೇಲೂ ಕೋರ್ಟು ನಡೆಸ್ತಾವ್ನೆ!"

"ಮೊದ್ಲು ಅವನು ಹಾಕ್ಲಿ," ಕೆಳಗಿನಿಂದ ರೈತ ನೂರ್ಡಾಲ್ ಕೂಗಿದ. "ನನ್ನ ತಮ್ಮನ್ನ ಕೊಂದಿದ್ದು ಅವನ ಆಳುಗಳು."

"ನಿನ್ನ ತಮ್ಮ ನನ್ನ ಬೇಲಿ ಕತ್ತರಿಸಿದ್ದ."

"ಹೊಳೆಗೆ ಯಾವನಾದ್ರೂ ಬೇಲಿ ಹಾಕ್ತಾನೇನೋ?"

ಇಬ್ಬರ ಕೈಗಳೂ ಸೊಂಟಕ್ಕೆ ಇಳಿದವು. ಹೆಂಗಸರು ಮಕ್ಕಳನ್ನು ಗಾಡಿಗಳ ಮರೆಗೆ ಎಳೆದುಕೊಂಡರು.

ಸಾಯುವ ಮುಂಚೆ ಅಪ್ಪ ಹೇಳಿದ್ದು ಒಂದೇ ಮಾತು: "ಹ್ಯಾಸ್ಕೆಲ್, ನೂರ್ಡಾಲ್ ಇಬ್ರೂ ನನ್ನ ಪೆಟ್ಟಿಗೇನ ತಲೆ ಕಡೆ ಹಿಡೀಬೇಕು ಕಣಮ್ಮ. ಕಾಲ ಕಡೆ ಯಾರಾದ್ರೂ ಸೈ."

*

ಓರ್ಫಾ ಚಿಕ್ಕವಳಿದ್ದಾಗ ಊರಿಗಿನ್ನೂ ಕೋರ್ಟು ಬಂದಿರಲಿಲ್ಲ. ಅವಳ ಅಪ್ಪ, ವಕೀಲ ಅಮೋಸ್ ಪ್ರೂಯಿಟ್, ಹೆಂಡದಂಗಡಿಯಲ್ಲೇ ವಾದ ಮಾಡುತ್ತಿದ್ದ. ಅವಳು ಮೇಜಿನ ಕೆಳಗೆ ಕೂತು ಬೂಟುಗಳನ್ನು ನೋಡುತ್ತಿದ್ದಳು. ಒಂದು ದಿನ, ಎಷ್ಟು ಹೇಳಿದರೂ ಯಾರೂ ಪಿಸ್ತೂಲು ಬಿಚ್ಚಲಿಲ್ಲ. ಅಪ್ಪ ತನ್ನದನ್ನೇ ಮೊದಲು ಇದೇ ಹಾಲಿನ ಬಕೆಟ್ಟಿಗೆ ಹಾಕಿದ.

"ಹೊಡೆಯೋರಿದ್ರೆ ಬೇಗ ಹೊಡೀರಪ್ಪ. ಇಲ್ಲಾಂದ್ರೆ ನಾನು ಮಾತು ಶುರು ಮಾಡ್ಬಿಡ್ತೀನಿ, ಆಮೇಲೆ ನಿಮ್ಗೇ ಕಷ್ಟ."

ಅಂಗಡಿ ನಕ್ಕಿತು. ಬಕೆಟ್ಟು ತುಂಬಿತು.

ಮುಂದೆ ಅವನು ನೆಬ್ರಾಸ್ಕಾದ ಶಾಸನಸಭೆಗೆ ಗೆದ್ದ. ರಾಜಧಾನಿಯಿಂದ ಬಂದಾಗಲೆಲ್ಲ ಗಂಜಿ ಹಾಕಿದ ಕಾಲರು ಕಿತ್ತೆಸೆದು, ಅದೇ ಬಕೆಟ್ಟು ಹಿಡಿದು ಹಸು ಕರೆಯಲು ಕೂರುತ್ತಿದ್ದ.

*

ಓರ್ಫಾ ಚರ್ಚಿನ ಒಳಗೆ ಹೋದಳು. ಹಳೆಯ ಗೆಳೆಯರು ಗೌರವಕ್ಕೆಂದು ಅಪ್ಪನ ಪಿಸ್ತೂಲನ್ನು ಅವನ ಕೈಯೊಳಗೆ ಇಟ್ಟಿದ್ದರು. ತಣ್ಣಗಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದುಕೊಂಡಳು. ಹೊರಗೆ ಬಂದು ಬಕೆಟ್ಟಿಗೆ ಹಾಕಿದಳು. ತಗಡು ಠಣ್ ಎಂದಿತು. ಕುದುರೆಗಳು ಬೆಚ್ಚಿದವು.

"ಅಪ್ಪನ ಕೈ ಖಾಲಿ ಆಯ್ತು," ಎಂದಳು. ಈಗ ದನಿ ಕೇಳಿಸಿತು.

ನೂರ್ಡಾಲ್ ನಿಧಾನವಾಗಿ ಮೆಟ್ಟಿಲು ಹತ್ತಿ ತನ್ನದನ್ನು ಹಾಕಿದ. ಹಾಕಿದವನು ಹ್ಯಾಸ್ಕೆಲ್‌ಗೆ ಎದುರಾಗಿ, ಬರಿಗೈಲಿ ನಿಂತ. ಹ್ಯಾಸ್ಕೆಲ್‌ನ ಕೈ ಇನ್ನೂ ಸೊಂಟದಲ್ಲೇ ಇತ್ತು.

ಹ್ಯಾಸ್ಕೆಲ್ ಹೊಗೆಸೊಪ್ಪು ಉಗಿದ. "ನಿಮ್ಮಪ್ಪ ಒಂದು ಕೇಸಾದ್ರೂ ನನಗೆ ಗೆಲ್ಲೋಕೆ ಬಿಟ್ನೇನಮ್ಮ?"

ಬಕೆಟ್ಟು ಮತ್ತೆ ಠಣ್ ಎಂದಿತು.

ಸ್ಮಶಾನದ ಗುಡ್ಡದ ಮೇಲೆ ಗಾಳಿ ಬೀಸುತ್ತಿತ್ತು. ಪೆಟ್ಟಿಗೆಯ ತಲೆಯ ಕಡೆಯ ಹಗ್ಗದ ಒಂದು ತುದಿ ಹ್ಯಾಸ್ಕೆಲ್ ಕೈಯಲ್ಲಿ, ಇನ್ನೊಂದು ನೂರ್ಡಾಲ್ ಕೈಯಲ್ಲಿ.

"ನಿಧಾನ ಕಣೋ."

"ನೀನು ಬಿಟ್ಟಷ್ಟೇ ನಾನೂ ಬಿಡ್ತೀನಿ."

ಗುಂಡಿಯ ಆಚೆ ಈಚೆ ನಿಂತು, ಒಬ್ಬರ ಕಣ್ಣನ್ನೊಬ್ಬರು ಬಿಡದೆ, ಇಬ್ಬರೂ ಹಗ್ಗ ಸಡಿಲಿಸಿದರು. ಪೆಟ್ಟಿಗೆ ವಾಲದೆ ಇಳಿಯಿತು. ತಳ ಮುಟ್ಟಿತು.

ಪಾದ್ರಿ ಪ್ರಾರ್ಥನೆ ಮುಗಿಸಿದರು. ಇಬ್ಬರೂ ಇನ್ನೂ ಹಗ್ಗ ಹಿಡಿದೇ ನಿಂತಿದ್ದರು.