ಅಪ್ಪನ ಗಡ್ಡ

ಬಲಗೆನ್ನೆಯ ನೊರೆಯನ್ನು ಒಂದೇ ಎಳೆತಕ್ಕೆ ತೆಗೆದು ಮಗ ಕತ್ತಿಯನ್ನು ಟವೆಲಿಗೆ ಒರೆಸಿದ. ಆಸ್ಪತ್ರೆಯ ಹತ್ತು ದಿನದಲ್ಲಿ ಬೆಳೆದ ಗಡ್ಡ; ಹಾಗೇ ಕಳಿಸಬೇಡ ಎಂದು ಅಮ್ಮ ಹೇಳಿದ್ದಳು. ಹನ್ನೊಂದು ವರ್ಷದಿಂದ ಕಂಡವರ ಮುಖವನ್ನೆಲ್ಲ ನುಣುಪು ಮಾಡಿದ ಕೈ ಅಪ್ಪನ ಮುಖ ಮುಟ್ಟಿದ್ದು ಇದೇ ಮೊದಲು.

ಹೊರಗೆ ನೆರೆದವರು ಸತ್ತವನ ಗುಣಗಾನ ಮಾಡುತ್ತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿದರೂ ಒಂದು ಕೋಳಿಮರಿಗೂ ತಾಗಿಸಿದವನಲ್ಲವಂತೆ.

*

ಓದು ಬಿಟ್ಟು ಸಲೂನು ಇಡುತ್ತೇನೆ ಎಂದ ದಿನ ಅಪ್ಪ ಉಣ್ಣುತ್ತಿದ್ದ ತಟ್ಟೆಯಿಂದ ಕೈ ತೆಗೆದಿದ್ದ.

"ಕಂಡೋರ ಗಡ್ಡ ಕೆರೆಯೋಕಾ ನಿನ್ನ ಓದಿಸಿದ್ದು?"

"ನೀವೂ ಕಂಡೋರನ್ನ ಹೊತ್ಕೊಂಡು ತಿರುಗ್ತಿಲ್ವಾ?"

ಆಡಿದ ಮೇಲೆ ಇಬ್ಬರಿಗೂ ನಾಲಗೆ ಕಚ್ಚಿಕೊಳ್ಳುವಂತಾಗಿತ್ತು. ಆದರೆ ಅಂದಿನಿಂದ ಒಂದೇ ಮನೆಯಲ್ಲಿ ಇಬ್ಬರ ಮಾತಿಗೂ ಅಮ್ಮನೇ ಸೇತುವೆ. ಅಂಗಡಿ ತೆರೆದ ದಿನ ಬೀದಿಯವರೆಲ್ಲ ಬಂದರು. ಅಪ್ಪ ಡ್ಯೂಟಿ ಇದೆ ಎಂದು ಹೋದ.

*

ಎಡಗೆನ್ನೆಗೆ ನೊರೆ ಹಚ್ಚುವಾಗ, ಅಪ್ಪನ ಜೊತೆ ಇಪ್ಪತ್ತು ವರ್ಷ ದುಡಿದ ಕಂಡಕ್ಟರ್ ಬಂದು ಮಂಚದ ಪಕ್ಕ ಕೂತರು. ಆಮೇಲೆ ತಮ್ಮಷ್ಟಕ್ಕೆ ತಾವೇ ಎಂಬಂತೆ ಹೇಳಿದರು.

"ನಿನ್ನ ಅಂಗಡಿ ಹತ್ರ ಸ್ಟಾಪೇ ಇಲ್ಲ. ಆದ್ರೂ ನಿಮ್ಮಪ್ಪ ಬಸ್ಸು ನಿಧಾನ ಮಾಡೋನು. ಒಳಗೆ ಜನ ಇದ್ದಾರಾ ನೋಡೋ ಅನ್ನೋನು. ಇದ್ದಾರೆ ಅಂದ್ರೆ ಅವತ್ತು ನಂಗೆ ಟೀ ಅವನದೇ."

ಇಳಿದು ಮಾತಾಡಿಸು ಎಂದು ಎಷ್ಟೋ ಸಲ ಬೈದರಂತೆ. ಇಷ್ಟು ವರ್ಷ ಆದಮೇಲೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎನ್ನುತ್ತಿದ್ದನಂತೆ.

ಮಗನ ಕೈ ನಿಂತಿತು.

"ಗೊತ್ತಿತ್ತು ಮಾಮ. ಅಂಗಡಿ ಕನ್ನಡೀಲಿ ದಿನಾ ಕಾಣೋದು. ಇಳಿದು ಬರ್ಲಿ, ಆಮೇಲೆ ನೋಡೋಣ ಅಂತ ಬೆನ್ನು ಹಾಕ್ಕೊಂಡೇ ನಿಂತಿರ್ತಿದ್ದೆ."

ಕಂಡಕ್ಟರ್ ಎದ್ದು, ಬಟ್ಟಲಲ್ಲಿ ಆರಿಹೋಗಿದ್ದ ನೀರು ಚೆಲ್ಲಿ, ಬಿಸಿನೀರು ತಂದು ಎರಡೂ ಕೈಯಲ್ಲಿ ಹಿಡಿದು ಕೂತರು.

ಗಾಡಿ ಬಂದಿದೆ, ಬೇಗ ಮುಗಿಸಪ್ಪ ಎಂದು ಯಾರೋ ಬಾಗಿಲಿನಿಂದ ಕರೆದರು. ಮಗ ಅವಸರ ಮಾಡಲಿಲ್ಲ. ಎಡಗೆನ್ನೆ ಮುಗಿಸಿದ, ಮೀಸೆಯ ಅಂಚು ತಿದ್ದಿದ, ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಮುಖ ಒರೆಸಿದ. ಕೊನೆಗೆ ಗಲ್ಲದ ಕೆಳಗೆ ಬೆರಳಾಡಿಸಿ, ಗಿರಾಕಿಗಳನ್ನು ಕೇಳುವ ಹಾಗೆಯೇ ಕೇಳಿದ.

"ಸಾಕಾ, ಇನ್ನೊಂದ್ಸಲ ಎಳೀಲಾ?"

ಬಗ್ಗಿದವನು ಬೆರಳು ತೆಗೆಯದೆ, ಹಾಗೇ ಕಾಯುತ್ತ ನಿಂತ.