ಬೂಟು ಕಚ್ಚಿದ್ದು ಯಾರಿಗೆ

ಮಾಸೂರಿನ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಈ ವರ್ಷದ ಶಿವರಾತ್ರಿಯ ಮರುದಿನಕ್ಕೆ ಒಂದು ಅಧ್ಯಾಯ ತೆಗೆದಿಡತಕ್ಕದ್ದು. ಅಂದು ಮಾದೇವಿ ಬೂಟು ಕೊಳ್ಳಲು ಹಿರೇಕೆರೂರಿನ ಬಸ್ಸು ಹತ್ತಿದಳು.

ಹನ್ನೆರಡು ಯುಗಾದಿಗೆ ಶ್ರೀಶೈಲಕ್ಕೆ ನಡೆದು ಬರುತ್ತೇನೆಂದು ಅವಳು ಮಲ್ಲಯ್ಯನಿಗೆ ಮಾತು ಕೊಟ್ಟಿದ್ದಳು. ಹನ್ನೊಂದು ಮುಗಿದಿದ್ದವು, ಎಲ್ಲವೂ ಬರಿಗಾಲಲ್ಲಿ. ಈಚಿನ ನಾಲ್ಕು ವರ್ಷ ಅವಳಿಗೆ ಕಾಲು ನೋಯುವುದೇ ನಿಂತಿತ್ತು. ಕಾದ ಡಾಂಬರಿನ ಮೇಲೆ ಉಳಿದವರು ಕುಣಿಯುವಾಗ ಮಾದೇವಿ ತಣ್ಣಗೆ ನಡೆಯುತ್ತಿದ್ದಳು. 'ಆಕೀ ನೋವು ಮಲ್ಲಯ್ಯ ಇಸ್ಕೊಂಡಾನ' ಎಂದು ಜನ ಆ ಪಾದಗಳಿಗೆ ಬಗ್ಗಿ ನಮಸ್ಕರಿಸತೊಡಗಿದ್ದರು. ಅವಳೂ ಒಂದೆರಡು ಸಲ ಬ್ಯಾಡ ಎಂದು, ಆಮೇಲೆ ಸುಮ್ಮನಾಗಿದ್ದಳು.

ಹೋದ ವರ್ಷ ಅಂಗಾಲಲ್ಲಿ ಗಾಜಿನ ಚೂರು ಹೊತ್ತು ಮನೆಗೆ ಬಂದಳು. ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. "ಸಕ್ಕರಿ ಕಾಯಿಲೆ ಐತಿ. ಇನ್ನೊಂದು ಗಾಯ ಆತಂದ್ರ ಬೆರಳು ತಗೀಬೇಕಾಗತೈತಿ. ಕಾಲಿಗೆ ಸರಿಯಾಗಿ ಕೂಡೋ ಬೂಟು ಇಲ್ಲಂದ್ರ ನಡಿಯಂಗಿಲ್ಲ" ಎಂದರು ಡಾಕ್ಟರು.

ಪೇಟೆಗೆ ಜೊತೆಯಾದವಳು ಶಾರವ್ವ, ಮಾದೇವಿಯ ಮೈದುನನ ಹೆಂಡತಿ. ಹನ್ನೊಂದು ಸಲವೂ ಜೊತೆಗೆ ನಡೆದವಳು, ಹನ್ನೊಂದು ಸಲವೂ ದಾರಿಯುದ್ದಕ್ಕೂ ಕಾಲುನೋವೆಂದು ಗೊಣಗಿದವಳು. ಹೀಗಾಗಿ ಅವಳ ಪಾದಕ್ಕೆ ಯಾರೂ ಬಗ್ಗಿರಲಿಲ್ಲ. ಇಬ್ಬರ ಕಾಲಳತೆ ಒಂದೇ; ಮೂವತ್ತು ವರ್ಷದಿಂದ ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು ಹೋಗಿ ಜಗಳಾಡುತ್ತ ಬಂದಿದ್ದರು.

"ಬೂಟು ಹಾಕ್ಕೊಂಡು ಮಲ್ಲಯ್ಯನ ಕಡೆ ಹೊಂಟಾಕಿ! ಟೈ ಒಂದು ಕಟ್ಕೊ ಯಕ್ಕಾ, ಸಾಹೇಬ್ರು ಬಂದ್ರು ಅಂತ ಮುಂದ ಕುಂದ್ರಸ್ತಾರ" ಎಂದಳು ಶಾರವ್ವ ಬಸ್ಸಿನಲ್ಲಿ.

ಅಂಗಡಿಯ ದಾದಾಪೀರ ಅರ್ಧ ತಾಲೂಕಿನ ಕಾಲು ಕಂಡವನು. ಒಂದು ಜೊತೆ ತೊಡಿಸಿದ.

"ಹೆಂಗೈತ್ರಿ ಯವ್ವಾ?"

"ಚಲೋ ಐತಪ್ಪ."

ಎರಡನೆಯದೂ ಚಲೋ. ಮೂರನೆಯದೂ ಚಲೋ. ದಾದಾಪೀರನಿಗೆ ಅನುಮಾನ ಬಂತು. ಎರಡು ನಂಬರು ಸಣ್ಣದನ್ನು ತಂದು ಒತ್ತಿ ತುರುಕಿದ.

"ಇದಂತೂ ಭಾಳ ಚಲೋ ಐತಿ" ಎಂದಳು ಮಾದೇವಿ.

ಶಾರವ್ವ ನಕ್ಕಳು. ದಾದಾಪೀರ ನಗಲಿಲ್ಲ. ಬೂಟು ಬಿಚ್ಚಿ, ಅವಳಿಗೆ ಕಣ್ಣು ಮುಚ್ಚಲು ಹೇಳಿ, ಹೆಬ್ಬೆರಳನ್ನು ಉಗುರು ಬೆಳ್ಳಗಾಗುವಷ್ಟು ಹಿಚುಕಿದ.

"ಎಲ್ಲಿ ಹಿಡದೇನಿ, ಹೇಳ್ರಿ."

"ಹಿಡಿ ಮೊದಲು. ಆಮ್ಯಾಲೆ ಹೇಳ್ತೇನಿ."

ಶಾರವ್ವನ ನಗು ನಿಂತಿತು.

ದಾದಾಪೀರ ಆ ಪಾದವನ್ನು ಕೆಳಗಿಡದೆ ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಕೂತ. ಬಳ್ಳಾರಿಯ ಬಿಸಿಲು, ಶ್ರೀಶೈಲದ ಕಾಡಿನ ಕಲ್ಲು, ಎಲ್ಲವೂ ಅದರ ಮೇಲೆ ಹಾದುಹೋಗಿದ್ದವು. ಯಾವುದೂ ಒಳಗೆ ಹೋಗಿರಲಿಲ್ಲ.

"ಸಕ್ಕರಿ ಕಾಯಿಲ್ಯಾಗ ಹಿಂಗಾಗತೈತ್ರಿ" ಎಂದ ಮೆಲ್ಲಗೆ. "ಯಾವ ಬೂಟು ಕಚ್ಚತೈತಿ ಅನ್ನೋದು ಈ ಕಾಲು ಹೇಳಂಗಿಲ್ಲ. ಬ್ಯಾರೆ ಕಾಲು ಬೇಕು."

"ಹಂಗಾರ ನೋವು ಮಲ್ಲಯ್ಯ ಇಸ್ಕೊಂಡಿದ್ದಲ್ಲನು?" ಮಾದೇವಿ ಯಾರನ್ನೂ ನೋಡದೆ ಕೇಳಿದಳು.

ಶಾರವ್ವ ಅವಳ ಪಕ್ಕ ಕೂತು ಕಾಲು ಚಾಚಿದಳು.

"ಇಸ್ಕೊಂಡಾನ. ಇಸ್ಕೊಂಡು ನನ್ನ ಕಡೆ ಇಟ್ಟಾನ. ಅದಕ್ಕ ನನಗ ಇಬ್ಬರದೂ ನೋಯತೈತಿ. ದಾದಾಪೀರಣ್ಣ, ತೊಡಸ್ರಿ."

ಮುಂದಿನ ಹತ್ತು ದಿನ ಶಾರವ್ವ ಸೀರೆಯ ಕೆಳಗೆ ಕರಿ ಬೂಟು ತೊಟ್ಟು ಮದಗದ ಕೆರೆಯ ಏರಿಯ ಮೇಲೆ ನಡೆದಳು. ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ನಿಂತು ನೋಡಿದರು.

"ಏನ ಶಾರವ್ವಾ, ಪೊಲೀಸ್ ಕೆಲಸ ಸಿಕ್ತನು?"

"ಸಿಕ್ಕೈತಿ. ಮೊದಲು ನಿನ್ನ ಹಿಡಿತೇನಿ ತಡಿ!"

ಮೂರನೆಯ ದಿನ ಕಿರುಬೆರಳು, ಐದನೆಯ ದಿನ ಹಿಮ್ಮಡಿ. ಕಚ್ಚಿದ ಜಾಗ ತಿಳಿಯಲೆಂದು ಬೂಟಿನ ಮೇಲೆ ಸುಣ್ಣದ ಬೊಟ್ಟಿಟ್ಟು ಹಿರೇಕೆರೂರಿಗೆ ಒಯ್ದಳು. ದಾದಾಪೀರ ಹೊಲಿಗೆ ಬಿಚ್ಚಿ, ಬಡಿದು, ಮೆತ್ತಗೆ ಮಾಡಿಕೊಟ್ಟ. ಹತ್ತನೆಯ ದಿನ ಬೂಟು ಎಲ್ಲಿಯೂ ಕಚ್ಚಲಿಲ್ಲ. ಶಾರವ್ವ ಅದನ್ನು ತಂದು ಮಾದೇವಿಯ ಮುಂದಿಟ್ಟಳು.

ಮಾದೇವಿ ಬೂಟು ಮುಟ್ಟಲಿಲ್ಲ. ಬಗ್ಗಿ, ತನಗಿಂತ ಕಿರಿಯಳಾದ ಶಾರವ್ವನ ಎರಡೂ ಪಾದ ಹಿಡಿದಳು.

"ಬಿಡ ಯಕ್ಕಾ, ಕಚಗುಳಿ ಆಗಾಕತ್ತೈತಿ!"

ಯುಗಾದಿಯ ಹಿಂದಿನ ದಿನ ಇಬ್ಬರೂ ಶ್ರೀಶೈಲ ಮುಟ್ಟಿದರು. ಬೂಟು ತೊಟ್ಟು ನಡೆದ ಮಾದೇವಿಯ ಕಾಲಿಗೆ ಗಾಯವಾಗಲಿಲ್ಲ. ಬರಿಗಾಲಲ್ಲಿ ನಡೆದ ಶಾರವ್ವನ ಕಾಲಿಗೆ ಆರು ಬೊಬ್ಬೆ ಎದ್ದಿದ್ದವು.