ಬಾಯಿಬಿಟ್ಟು ಹೇಳಿದ ಹೆಸರು

ನನ್ನ ಗಂಡನ ಹೆಸರು ಪ್ರಬುದ್ಧ, ಹೈಸ್ಕೂಲು ಮೇಷ್ಟ್ರು. ಭಾನುವಾರವೂ ಯಾರಿಗಾದರೂ ಪಾಠ ಹೇಳದಿದ್ದರೆ ಇವರಿಗೆ ಉಂಡದ್ದು ಕರಗುವುದಿಲ್ಲ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ, ಓಣಿಯವರನ್ನು ಕೂಡಿಸಿ ಧ್ಯಾನ ಕಲಿಸುತ್ತಾರೆ. ವಾರದ ಉಳಿದ ದಿನಗಳಿಗೆ ಶಿಷ್ಯೆ ನಾನೊಬ್ಬಳೇ. “ರೊಟ್ಟಿ ಬಡಿವಾಗ ಮನಸ್ಸು ರೊಟ್ಟಿ ಮ್ಯಾಲ ಇರಬೇಕು, ಕ್ರಾಂತಿ. ಅದೂ ಧ್ಯಾನನ” ಅನ್ನುತ್ತಾರೆ. ಹುಟ್ಟಿದಾಗಿನಿಂದ ಒಂದು ರೊಟ್ಟಿ ಬಡಿದವರಲ್ಲ. “ಮನಸ್ಸು ಬ್ಯಾರೆ ಕಡೆ ಹೋದ್ರ ಕೈ ಸುಡತೈತ್ರಿ. ಅದನ್ನ ನಮಗ ಹಂಚೇ ಕಲಿಸೈತಿ” ಅಂತ ನಾನೂ ಬಿಡುವುದಿಲ್ಲ.

ಆದರೂ ಇದ್ದದ್ದು ಹೇಳಬೇಕು. ಧ್ಯಾನಕ್ಕೆ ಕೂತಮೇಲೆ ಇವರ ಸಿಟ್ಟು ಇಳಿದದ್ದು ನಿಜ. ಬುದ್ಧ ಹೇಳಿದ ಮೈತ್ರಿ ಧ್ಯಾನವಂತೂ ನನಗೂ ಇಷ್ಟ. ಮೊದಲು ಬೇಕಾದವರನ್ನು ನೆನೆದು ಸುಖವಾಗಿರಲಿ ಅನ್ನಬೇಕು, ಆಮೇಲೆ ಗುರುತಿಲ್ಲದವರನ್ನು, ಕಡೆಗೆ ಯಾರನ್ನು ಕಂಡರೆ ಆಗುವುದಿಲ್ಲವೋ ಅವರನ್ನು. ಮನಸ್ಸಿನಲ್ಲೇ ಅನ್ನಿರಿ ಎಂದು ಇವರು ಹೇಳಿ ಹೇಳಿ ಸೋತರು. ಬಾಯಿಬಿಟ್ಟು ಹೇಳದ ಹರಕೆ ಮುಟ್ಟುವುದಿಲ್ಲ ಎಂದು ನಂಬಿ ಬೆಳೆದ ಮುದುಕಿಯರು ಕೇಳಬೇಕಲ್ಲ. ಬುದ್ಧ ದೇವರಲ್ಲ ಎಂದು ತಿದ್ದಿದರೆ ಪಕ್ಕದ ಮನೆಯ ಭರಮಮ್ಮ, “ಆತೇಳಪ್ಪ, ದೇವ್ರಲ್ಲ. ಆದ್ರ ಅವಗೂ ಕೇಳಸಬೇಕಲ್ಲ” ಅಂದಳು.

ಹೀಗಾಗಿ ನಮ್ಮಲ್ಲಿ ಆಗದವರ ಹೆಸರನ್ನು ಎಲ್ಲರೂ ಕಣ್ಣು ಮುಚ್ಚಿ ಗಟ್ಟಿಯಾಗೇ ಹೇಳುತ್ತಾರೆ. ಬಸ್ ಡ್ರೈವರ್ ಓಬಳೇಶ್ ವಾರವಾರವೂ ತನ್ನ ಮೇಲಧಿಕಾರಿಗೆ ಹಲ್ಲು ಕಚ್ಚಿಕೊಂಡು ಸುಖ ಹಾರೈಸುತ್ತಾನೆ. ಭರಮಮ್ಮ ಹಿರೇಹಡಗಲಿಯ ನಾದಿನಿಗೆ ಹಾರೈಸುತ್ತಾಳೆ. ಎದುರಿಗೆ ಕೂತವರ ಹೆಸರನ್ನು ಮಾತ್ರ ಯಾರೂ ಎತ್ತಿದ್ದಿಲ್ಲ. ನಮ್ಮ ಅತ್ತೆ ಜೋಗಮ್ಮನ ಸರದಿ ಬಂದರೆ, “ನನಗ್ಯಾರೂ ಇಲ್ಲ, ಮುಂದ ನಡೀರಿ” ಅಂದುಬಿಡುತ್ತಿದ್ದರು.

ಮಾವ ಗಾಳೆಪ್ಪ ತೀರಿಕೊಂಡ ಮೇಲೆ ಅತ್ತೆಯನ್ನು ತಂಬ್ರಹಳ್ಳಿಯಿಂದ ಕರೆತಂದಿದ್ದೆವು. ಮಾವ ಲೈನ್‌ಮನ್ ಆಗಿದ್ದವರು. ಮನೆಗೆ ಬುದ್ಧನ ಫೋಟೋ ತಂದವರೂ ಅವರೇ, ಮಗನಿಗೆ ಹುಡುಕಿ ಈ ಹೆಸರಿಟ್ಟವರೂ ಅವರೇ. ಇಲ್ಲಿಗೆ ಬಂದಾಗಿನಿಂದ ಅತ್ತೆಯ ತಾಟಿನಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಕುಪ್ಪಸದ ತೋಳು ಜೋಲುತ್ತಿತ್ತು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ರೋಗವಿಲ್ಲ ಅಂದರು. ಇವರು, “ಅವ್ವ ಎಷ್ಟು ಶಾಂತ ಆಗ್ಯಾಳ ನೋಡು” ಎಂದು ಹಿಗ್ಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅದು ಶಾಂತಿಯಲ್ಲ, ಮುದುಕಿ ನಮ್ಮ ಕಣ್ಣೆದುರೇ ಒಣಗುತ್ತಿದ್ದರು. ಹೀಗೇ ಬಿಟ್ಟರೆ ಮಾವನ ಹಿಂದೆಯೇ ಹೊರಟಾರು ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ಮೊನ್ನೆ ಭಾನುವಾರ ಅತ್ತೆಯ ಸರದಿ ಬಂತು. “ನನಗೊಬ್ಬ ಅದಾನ” ಅಂದರು.

ಅವ್ವ ಕಡೆಗೂ ದಾರಿಗೆ ಬಂದಳೆಂಬ ಖುಷಿ ಇವರಿಗೆ. ಕಣ್ಣು ಮುಚ್ಚಿಕೊಂಡೇ, “ಹೆಸರು ಹೇಳವ್ವ. ಹೇಳಿ, ಸುಖವಾಗಿರಲಿ ಅನ್ನು” ಅಂದರು.

“ಪ್ರಬುದ್ಧ” ಅಂದರು ಅತ್ತೆ. “ನನ್ನ ಮಗ.”

ಮುಚ್ಚಿದ ಕಣ್ಣೆಲ್ಲ ತೆರೆದುಕೊಂಡವು. ಓಬಳೇಶ್ ನನ್ನ ಮುಖ ನೋಡಿದ, ನಾನು ಭರಮಮ್ಮನ ಮುಖ ನೋಡಿದೆ. ನನ್ನ ಹೆಸರು ಬಂದಿದ್ದರೆ ಯಾರೂ ಬೆಚ್ಚುತ್ತಿರಲಿಲ್ಲ, ಸೊಸೆಗೆ ಅದು ಇದ್ದದ್ದೇ. ಆದರೆ ಇರುವುದೊಬ್ಬ ಮಗ, ಅವನನ್ನು ಹೆತ್ತ ತಾಯಿ ಹತ್ತು ಮಂದಿಯ ನಡುವೆ ಆಗದವನು ಅನ್ನುವುದೆಂದರೇನು? ಇವರ ಮುಖ ಬಿಳಿಚಿಕೊಂಡಿತ್ತು.

“ನಾ ಏನ್ ಮಾಡೀನವ್ವ?”

“ನಿಮ್ಮಪ್ಪನ ಹೆಣದ ಮುಂದ ನನ್ನ ಬಾಯಿ ಮುಚ್ಚಿಸಿದಿ.”

ನಮ್ಮ ಕಡೆ ಸತ್ತವರ ಸುತ್ತ ಹೆಂಗಸರು ಕೂತು, ಅವರ ಗುಣ ಎತ್ತಿ ಹಾಡಾಡಿಕೊಂಡು ಅಳುತ್ತಾರೆ. ತಂಬ್ರಹಳ್ಳಿಯಲ್ಲಿ ಯಾರೇ ಹೋಗಲಿ, ಅತ್ತೆಯ ದನಿ ಇಲ್ಲದೆ ಹೆಣ ಎತ್ತುತ್ತಿರಲಿಲ್ಲ. ಗಂಡ ಹೋದ ದಿನವೂ ಹಾಗೇ ಬಾಯಿ ತೆರೆದಿದ್ದರು. ಅಷ್ಟರಲ್ಲಿ ಇವರು ಬಂದು ಹೆಗಲು ಹಿಡಿದು, “ಅವ್ವ, ಎಲ್ಲಾ ಅನಿತ್ಯ. ಉಸಿರು ನೋಡು. ನಾವೀಗ ಹಂಗ ಅಳೋ ಮಂದಿ ಅಲ್ಲ” ಅಂದಿದ್ದರು. ಬೌದ್ಧ ಭಿಕ್ಷು ಭಂತೇಜಿ ಬಂದಿದ್ದರು, ಇವರ ಶಾಲೆಯವರು ಬಂದಿದ್ದರು. ಅತ್ತೆ ಬಾಯಿ ಮುಚ್ಚಿದರು. ಎಷ್ಟು ಗಟ್ಟಿ ಹೆಂಗಸು ಎಂದು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ದುಃಖ ಉಂಟು ಎಂದು ಮೊದಲು ಹೇಳಿದವನೇ ಬುದ್ಧ, ಅದನ್ನು ನುಂಗು ಎಂದು ಆತ ಎಲ್ಲಿ ಹೇಳಿದ್ದಾನೋ ನನಗೆ ತಿಳಿಯದು.

“ಊರಿಗೆಲ್ಲ ಅತ್ತೀನಿ” ಅಂದರು ಅತ್ತೆ. “ಗೌಡ್ರ ಮನಿ ಹೆಣಕ್ಕ ಅಂಗಳದಾಚೆ ನಿಂತು ಅತ್ತೀನಿ. ನನ್ನ ಗಂಡಗ ಒಂದ್ ಮಾತು ಆಡಿ ಕಳಸಲಿಲ್ಲ. ಯಾರೂ ಇಲ್ಲದಂವನಂಗ ಸುಮ್ಮನ ಹೋದ. ನೀ ಹೇಳಿದಂಗ ದಿನಾ ಉಸಿರು ನೋಡ್ತೀನಪ್ಪ. ಒಳಗ ಹೊಕ್ಕತಿ, ಹೊರಗ ಬರತೈತಿ. ಅಳು ಮಾತ್ರ ಬರಂಗಿಲ್ಲ. ನಿನ್ನ ಮಾರಿ ಕಂಡ್ರ ಸಿಟ್ಟು ಬರತೈತಿ. ಹಡದ ಮಗನ ಮ್ಯಾಲ ಇಂಥಾ ಸಿಟ್ಟು ಇಟ್ಕೊಂಡು ಹೆಂಗ ಸಾಯಲಿ? ಅದಕ್ಕ ಹೇಳಿದೆ.”

ಕೈ ಮುಗಿದು ಮತ್ತೆ ಕಣ್ಣು ಮುಚ್ಚಿದರು. “ನನ್ನ ಮಗ ಸುಖವಾಗಿ” ಅಂದರು. ಮಾತು ಅಲ್ಲಿಗೇ ನಿಂತಿತು. ಇನ್ನೊಮ್ಮೆ ಪ್ರಯತ್ನಿಸಿದರು. ಎದೆ ಏರಿ ಇಳಿಯಿತು, ಬಾಯಿ ತೆರೆಯಿತು, ಬಂದದ್ದು ಬೇರೆಯೇ ದನಿ.

“ನನ್ನ ಸರದಾರಾ, ಕಂಬ ಹತ್ತಿ ಊರಿಗೆಲ್ಲ ಬೆಳಕ ಕೊಟ್ಟ್ಯಲ್ಲೋ, ನನ್ನ ಕತ್ತಲದಾಗ ಬಿಟ್ಟ್ಯಲ್ಲೋ. ಕಡೀ ದಿನ ಬೀಡಿ ಕೇಳಿದ್ರ ಬೈದೆನಲ್ಲೋ, ನನ್ನಪ್ಪಾ.”

ಆ ಒಣಗಿದ ಎದೆಯಲ್ಲಿ ಅಂಥ ದನಿ ಎಲ್ಲಿತ್ತೋ. ಅತ್ತೆ ಎರಡೂ ಕೈಯಿಂದ ಜಮಖಾನ ಬಡಿಯುತ್ತಿದ್ದರು. ಭರಮಮ್ಮ ಹೋಗಿ ತಬ್ಬಿಕೊಂಡು ತಾನೂ ದನಿ ಕೂಡಿಸಿದಳು. ಇವರು ಎದ್ದರು. ನಾನೂ ಎದ್ದು ಅಡ್ಡ ನಿಂತೆ. ಈ ಸಲ ಅನಿತ್ಯ ಅಂದಿದ್ದರೆ ಗಂಡನೆಂದೂ ನೋಡುತ್ತಿರಲಿಲ್ಲ, ಜಾಡಿಸಿಬಿಡುತ್ತಿದ್ದೆ.

ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು. ಆ ಅಳು ಕೇಳಿದ ಮೇಲೆ ಯಾವ ಓಣಿ ಸುಮ್ಮನಿರುತ್ತದೆ? ಇವರು ನನ್ನನ್ನು ದಾಟಿ ಹೋಗಿ ಬಾಗಿಲು ತೆರೆದರು. ಹೊರಗೆ ಮಂದಿ ನೆರೆದಿತ್ತು. ಎಲ್ಲರ ಮುಂದೆ ಎದುರಿನ ಕಿರಾಣಿ ಅಂಗಡಿಯ ಉಜ್ಜಿನಪ್ಪನವರು, ಅಂಗಡಿ ಬಿಟ್ಟು ಓಡಿಬಂದ ಏದುಸಿರಿನಲ್ಲಿದ್ದರು.

“ಏನಾತ್ರಿ ಮೇಷ್ಟ್ರ? ಯಾರ್ ಹೋದ್ರು?”

ಇವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ನಮ್ಮಪ್ಪ.”

ಅಂದವರೇ ಕುಸಿದು ಹೊಸ್ತಿಲ ಮೇಲೆ ಕೂತು ಹೋ ಎಂದು ಅತ್ತರು. ಮದುವೆಯಾದಾಗಿನಿಂದ ಇವರ ಕಣ್ಣಲ್ಲಿ ಒಂದು ಹನಿ ನೋಡಿದವಳಲ್ಲ ನಾನು. ಮಾವ ಹೋಗಿ ತಿಂಗಳುಗಟ್ಟಲೆ ಆಯಿತೆಂದು ಓಣಿಗೆಲ್ಲ ಗೊತ್ತು. ಆದರೂ ಉಜ್ಜಿನಪ್ಪನವರು, ಸಾವಿನ ಮನೆಗೆ ಬಂದವರ ಹಾಗೆ, ಚಪ್ಪಲಿ ಹೊರಗೆ ಬಿಟ್ಟು, ಇವರ ಪಕ್ಕ ಹೊಸ್ತಿಲ ಮೇಲೇ ಕೂತು, “ಯಾವಾಗ ಹೋದ್ರಪ್ಪ?” ಅಂದರು.